ಒದ್ದೆ ಕೈಗೇ ಬೆಲ್ಟಿನ ಅಳತೆ

ಮರವಂತೆಯ ಕಡಲ ದಡದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಾತ್ರಿ ಬಲೆ ಬಿಟ್ಟಿದ್ದ ದೋಣಿಗಳು ಒಂದರ ಹಿಂದೊಂದು ವಾಪಸಾಗುತ್ತಿವೆ. ಬುಟ್ಟಿ ಇಳಿಸುವ ಮೊದಲೇ ದುಗ್ಗಪ್ಪ ಎಂಬ ಹಿರಿಯ ಮೀನುಗಾರರು ನೀರು ತೊಟ್ಟಿಕ್ಕುವ ಎಡಗೈಯನ್ನು ಮುಂದೆ ಚಾಚಿಕೊಂಡೇ ಬಲೆ ಶೆಡ್ಡಿನತ್ತ ಬರುತ್ತಾರೆ. ಮೂಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತ ಸುಗುಣ, ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ನೂಲನ್ನು ತೆಗೆದು ಅವರ ಮಣಿಕಟ್ಟಿಗೆ ಸುತ್ತುತ್ತಾರೆ. ದುಗ್ಗಪ್ಪ ಹೆಗಲ ಮೇಲಿನ ಬೈರಾಸು ತೆಗೆಯಲು ಹೋದರೆ ಒಂದು ಗದರಿಕೆ ಬೀಳುತ್ತದೆ.

"ಒರ್ಸುಕಾಗ ದುಗ್ಗಪ್ಪಣ್ಣ. ಹಗ್ಗ ಎಳ್ದಾಂಗೆ ಮುಷ್ಟಿ ಕಟ್ಟಿ ಕಾಂಬ."

ದುಗ್ಗಪ್ಪ ಮುಷ್ಟಿ ಬಿಗಿಯುತ್ತಾರೆ, ನರಗಳು ಉಬ್ಬುತ್ತವೆ, ನೂಲು ಒಂದಿಷ್ಟು ಜರುಗುತ್ತದೆ. ಜರುಗಿದ ಜಾಗಕ್ಕೆ ಸುಗುಣ ಗಂಟು ಹಾಕುತ್ತಾರೆ. ಅಳತೆ ಮುಗಿಯಿತು. ಟೇಪಿಲ್ಲ, ಬರೆದುಕೊಳ್ಳುವುದಿಲ್ಲ. ಗಂಟು ಬಿದ್ದ ನೂಲು, ದುಗ್ಗಪ್ಪ ಬಿಚ್ಚಿಕೊಟ್ಟ ವಾಚಿಗೆ ಸುತ್ತಿಕೊಂಡು, ಹಳೆಯ ಬಿಸ್ಕತ್ತು ಡಬ್ಬಿಗೆ ಸೇರುತ್ತದೆ. ನಾಳೆ ಬೆಳಗ್ಗೆ ಅದೇ ಡಬ್ಬಿಯಿಂದ ದುಗ್ಗಪ್ಪನ ಡಿಜಿಟಲ್ ವಾಚು ಹೊಸ ಬೆಲ್ಟು ಹಾಕಿಕೊಂಡು ಹೊರಬರುತ್ತದೆ.

ಜಾತ್ರೆಯ ತಳ್ಳುಗಾಡಿಯಲ್ಲಿ, ಬಸ್ ಸ್ಟ್ಯಾಂಡಿನ ಗೂಡಂಗಡಿಯಲ್ಲಿ ಸಿಗುವ ಕಪ್ಪು ಪ್ಲಾಸ್ಟಿಕ್ಕಿನ ವಾಚುಗಳು ಇವು. ಕಡಲಲ್ಲಿ ಮೊಬೈಲು ಪ್ಲಾಸ್ಟಿಕ್ ಕೊಟ್ಟೆಯೊಳಗೆ ಮುದುಡಿ ಕೂತಿರುವಾಗ ಹೊತ್ತು ಹೇಳುವುದು ಇವೇ. ಗುಂಡಿ ಒತ್ತಿದರೆ ಕತ್ತಲಲ್ಲೂ ಬೆಳಕು. ವಾಚಿಗೇನೂ ದೋಷವಿಲ್ಲ, ಪೀಡೆ ಇರುವುದೆಲ್ಲ ಬೆಲ್ಟಿನಲ್ಲಿ. ಉಪ್ಪುನೀರಿಗೆ ಗಡುಸಾಗುತ್ತದೆ, ಅಂಚು ಕತ್ತಿಯಂತಾಗುತ್ತದೆ, ಅಡಿಯಲ್ಲಿ ಬೆವರು ನಿಂತು ಚರ್ಮ ಬೇಯುತ್ತದೆ. ಸುಗುಣ ಆ ಬೆಲ್ಟನ್ನು ಕಿತ್ತೆಸೆದು, ಬಲೆಯ ನೈಲಾನ್ ನೂಲಿನಿಂದ ಮೆತ್ತಗಿನ ಪಟ್ಟಿ ಹೆಣೆದು ಕೂರಿಸುತ್ತಾರೆ. ಕಣ್ಣು ಕಣ್ಣಾದ ಹೆಣಿಗೆ. ನೀರು ನಿಲ್ಲುವುದಿಲ್ಲ, ಗಾಳಿ ಆಡುತ್ತದೆ.

ಈ ಭಾನುವಾರ ಅವರು ಈ ಮೂಲೆ ಖಾಲಿ ಮಾಡಬೇಕು. ಅವರು ಒರಗಿ ಕೂತ ಕಂಬದ ಮೇಲೆ ಆಗಲೇ ಕೆಂಪು ಬಣ್ಣದ ಗುರುತು ಬಿದ್ದಿದೆ. ಶೆಡ್ಡಿಗೆ ಹೊಸ ಶೀಟು ಹೊದೆಸಿದ ದೋಣಿಯವರ ಗುಂಪಿನ ತೀರ್ಮಾನ ಅದು. ಶೆಡ್ಡಿನಲ್ಲಿ ಇನ್ನು ಮೀನಿನ ಕೆಲಸ ಮಾತ್ರ, ಆ ಮೂಲೆಗೆ ಐಸ್ ಪೆಟ್ಟಿಗೆಗಳು. ಗುಂಪಿನ ಮುಖಂಡ ಜಿತೇಂದ್ರ ಕೆಟ್ಟ ಹುಡುಗನೇನಲ್ಲ. ಹೆದ್ದಾರಿ ಬದಿಯಲ್ಲಿ ಶಟರು, ಫ್ಯಾನು ಇರುವ ಕೋಣೆಯನ್ನೇ ಕೊಡಿಸುತ್ತೇನೆ, ಈ ಮೀನಿನ ನೀರಿನಲ್ಲಿ ಕೂರುವ ಕರ್ಮ ನಿಮಗೆ ಯಾಕೆ ಅಕ್ಕಾ ಎಂದು ಮನೆಗೇ ಬಂದು ಕೇಳಿದ್ದಾನೆ. ಸುಗುಣ ಅವನಿಗೆ ಚಾ ಕೊಟ್ಟರು, ಅವಲಕ್ಕಿ ಕೊಟ್ಟರು, ಒಪ್ಪಿಗೆ ಕೊಡಲಿಲ್ಲ.

ಫ್ಯಾನಿನ ಗಾಳಿ ಕಾಲಿಗೆ ಬಿದ್ದರೂ ಒದೆಯುವವಳು ಎಂದು ನೆರೆಯವರು ಆಡಿಕೊಂಡರು. ಆಡಿಕೊಳ್ಳಲಿ. ಸುಗುಣ ಒಮ್ಮೆ ಫ್ಯಾನಿನ ಅಡಿ ಕೂತು ಮಂಗ ಆದವರು, ಅದನ್ನು ಅವರು ಮರೆತಿಲ್ಲ.

ಕತೆ ಶುರುವಾಗುವುದು ಗಂಡ ಬಚ್ಚನ ಕೈಯಿಂದ. ಸುಗುಣ ಆಗ ಶೆಡ್ಡಿನಲ್ಲಿ ಹರಿದ ಬಲೆ ಹೆಣೆಯುತ್ತಿದ್ದರು. ಒಂದು ದಿನ ಕಡಲಿನಿಂದ ಬಂದ ಬಚ್ಚನ ಮಣಿಕಟ್ಟಿನ ಸುತ್ತ ಬಳೆಯಂತೆ ಹುಣ್ಣು, ಕೆಂಪಗೆ ಹಸಿಮಾಂಸ. ಊಟಕ್ಕೆ ಕೈ ತೊಳೆದರೆ ಗಂಡಸು ಹಲ್ಲು ಕಚ್ಚುತ್ತಿದ್ದ. ವಾಚು ತೆಗೆದುಕೊಂಡು ಸುಗುಣ ಕುಂದಾಪುರದ ವಾಚಿನ ಅಂಗಡಿಯೊಂದಕ್ಕೆ ಹೋದರು. ಮೆತ್ತಗಿನ ಬೆಲ್ಟು ಹಾಕಿಕೊಡಿ ಎಂದರೆ ಅಂಗಡಿಯವರು ನಕ್ಕರು. ಈ ಡಬ್ಬಾ ವಾಚಿಗೆ ಯಾರಾದರೂ ಬೆಲ್ಟು ಹಾಕಿಸುತ್ತಾರಾ, ಬಿಸಾಡಿ ಇನ್ನೊಂದು ತಕೊಳ್ಳಿ ಎಂದರು.

ಆ ನಗೆ ನೆನೆದರೆ ಇವತ್ತಿಗೂ ಸುಗುಣರ ಮೂಗು ಕೆಂಪಾಗುತ್ತದೆ.

"ವಾಚ್ ಕಮ್ಮೀದ್, ಹೌದ್. ಕೈಯೂ ಕಮ್ಮೀದಾ?"

ಅಂದು ಬಸ್ಸಿನಲ್ಲಿ ಮರವಂತೆ ಮುಟ್ಟುವವರೆಗೂ ಅದೇ ಮಾತು ತಲೆಯಲ್ಲಿ. ಮನೆಗೆ ಬಂದವರೇ ಪ್ಲಾಸ್ಟಿಕ್ ಬೆಲ್ಟನ್ನು ಕತ್ತರಿಸಿ ಒಲೆಯ ಬೂದಿಗೆ ಎಸೆದರು. ಬಲೆ ಹೆಣೆಯುವ ಸೂಜಿ ಕೈಯಲ್ಲೇ ಇತ್ತು, ನೂಲು ಬೇಕಾದಷ್ಟಿತ್ತು. ಮೊದಲಿನ ಪಟ್ಟಿ ಹಗ್ಗದ ಹಾಗೆ ದಪ್ಪ, ಎರಡನೆಯದು ಸೊಟ್ಟ. ಸರಿಯಾದದ್ದು ಬಂದ ಮೇಲೆ ಬಚ್ಚನ ಹುಣ್ಣು ಮಾಯಿತು. ಅದನ್ನು ನೋಡಿದ ದೋಣಿಯವರೆಲ್ಲ ತಮ್ಮ ತಮ್ಮ ಕೈ ಹಿಡಿದುಕೊಂಡು ಬಂದರು.

ಒಂದು ಮಳೆಗಾಲ, ಕಡಲಿಗೆ ಹೋಗುವುದು ನಿಂತಿದ್ದಾಗ, ಅದೇ ಅಂಗಡಿಯವರೇ, ನಮ್ಮಲ್ಲೇ ಕೂತು ಬೆಲ್ಟು ಹೆಣೆಯಿರಿ ಎಂದು ಕರೆದರು. ಒಳಗೆ ಮೇಜು, ಕುರ್ಚಿ, ತಲೆಯ ಮೇಲೆ ಫ್ಯಾನು. ನಕ್ಕವನ ಅಂಗಡಿಯಲ್ಲೇ ಕುರ್ಚಿ ಹಾಕಿ ಕೂರುತ್ತೇನೆ ಎಂಬ ಹುರುಪಿನಲ್ಲಿ ಸುಗುಣ ಹೋದರು. ದುಗ್ಗಪ್ಪ, ದೋಣಿಯ ಹುಡುಗ ಕೊರಗ, ಊರಿನ ದೋಣಿಯವರೆಲ್ಲ ಇಸ್ತ್ರಿ ಅಂಗಿ ಹಾಕಿಕೊಂಡು ಅಲ್ಲಿಗೇ ಬಂದು ಅಳತೆ ಕೊಟ್ಟರು. ಚಂದದ ಬೆಲ್ಟುಗಳಾದವು. ಮಳೆ ಬಿಟ್ಟು ದೋಣಿ ಇಳಿದ ಮೊದಲ ದಿನವೇ ಕಡಲ ನಡುವೆ ಕೈಗಳು ಊದಿಕೊಂಡವು. ಹಗ್ಗ ಎಳೆದ ಕೈ, ನೀರು ಕುಡಿದ ಕೈ. ಬೆಲ್ಟು ಕಚ್ಚಿತು. ಕೆಲವರು ಚೂರಿಯಿಂದ ಕೊಯ್ದರು, ದುಗ್ಗಪ್ಪ ವಾಚಿನ ಸಮೇತ ಕಡಲಿಗೆ ಎಸೆದು ಬಂದರು. ದಡದಲ್ಲಿ ಸುಗುಣರಿಗೆ ತಲೆ ಎತ್ತಲಾಗಲಿಲ್ಲ. ಬಲೆ ಹೆಣೆಯುವ ಮನೆಯಲ್ಲಿ ಹುಟ್ಟಿ, ಬೆಳಗ್ಗೆ ದೋಣಿ ಇಳಿದ ಕೈಗೂ ಮಧ್ಯಾಹ್ನ ಒಣಗಿದ ಕೈಗೂ ವ್ಯತ್ಯಾಸ ಗೊತ್ತಾಗಲಿಲ್ಲವಲ್ಲ ಎಂದು ತಮ್ಮನ್ನೇ ಬೈದುಕೊಂಡರು. ಅಷ್ಟೂ ಬೆಲ್ಟುಗಳನ್ನು ಹೊಸದಾಗಿ ಹೆಣೆದುಕೊಟ್ಟರು.

"ಒಣಗಿದ್ ಕೈ ಸುಳ್ಳ್ ಹೇಳತ್ತ್," ಎನ್ನುತ್ತಾರೆ ಈಗ. "ದೋಣಿ ಇಳ್ದ್ ಕೈಯೇ ಸತ್ಯ. ಅದ್ ಹೆದ್ದಾರಿಗ್ ಹೋಪತಿಗೆ ಒಣಗ್ತ್."

ಅಂದಿನಿಂದ ಇದೇ ಕಾನೂನು, ಎಲ್ಲರಿಗೂ. ಸಾಸ್ತಾನದ ಟೋಲಿನಲ್ಲಿ ಕೆಲಸ ಮಾಡುವ ಅಮಿತಾ ಮಿಂದು, ಪೌಡರು ಹಾಕಿಕೊಂಡು ಬಂದರೆ ವಾಪಸು ಕಳಿಸಿ, ಡ್ಯೂಟಿ ಮುಗಿಸಿದ ಬೆವರಿನ ಕೈಯಲ್ಲೇ ಸೀದಾ ಬಾ ಎಂದರು. ಕೊಕ್ಕರ್ಣೆಯ ಉಮಾವತಿ ನಾಟಿ ಕೆಲಸದ ದಿನಗಳಲ್ಲಿ ಮೊಣಕೈವರೆಗೆ ಕೆಸರು ಮೆತ್ತಿಕೊಂಡೇ ಬಸ್ಸು ಹತ್ತಿ ಬಂದರು. ಕಂಡಕ್ಟರ್ ಬೈದನಂತೆ. ನಾನು ವಾಚಿನ ಅಳತೆಗೆ ಹೋಗುವುದು, ಕೈ ತೊಳೆದರೆ ಅವರು ಮುಟ್ಟುವುದಿಲ್ಲ ಎಂದರಂತೆ ಉಮಾವತಿ. ಇದನ್ನು ಹೇಳುವಾಗ ಸುಗುಣ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ.

ಜಿತೇಂದ್ರನಿಗೆ ಇದನ್ನೆಲ್ಲ ವಿವರಿಸಿ ಆಗಿದೆ. ಅವನಿಗೆ ಅದು ಹಠ ಎಂದೇ ಕಂಡಿತು. ಬೆಲ್ಟಿನ ಕೆಲಸ ಮೀನಿನ ಕೆಲಸ ಅಲ್ಲ, ಎಲ್ಲರಿಗೂ ಒಂದೇ ನಿಯಮ ಅಂದ. ಬಚ್ಚನೂ ಮೆಲ್ಲಗೆ, ಹೋಗಲಿ ಬಿಡು ಮಾರಾಯ್ತಿ ಎಂದು ನೋಡಿದ. ಹೆಂಡತಿಯ ಮುಖ ಕಂಡು ಗಂಜಿಗೆ ಉಪ್ಪು ಹಾಕಿಕೊಂಡ.

ಭಾನುವಾರ ಬೆಳಗ್ಗೆ ಸುಗುಣ ಬರುವಾಗ ಮೂಲೆಯಲ್ಲಿ ಐಸ್ ಪೆಟ್ಟಿಗೆಗಳು ಆಳೆತ್ತರ ನಿಂತಿವೆ. ಯಾರೂ ಅವರ ಮುಖ ನೋಡುತ್ತಿಲ್ಲ. ಅವರೂ ಅಲ್ಲಿ ನಿಲ್ಲುವುದಿಲ್ಲ. ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಶೆಡ್ಡು ದಾಟಿ, ಮರಳಿಗಿಳಿದು, ದೋಣಿಗಳ ಮೂತಿ ಬಂದು ತಾಗುವ ಜಾಗದಲ್ಲೇ ಬುಟ್ಟಿಯೊಂದನ್ನು ಕವುಚಿ ಹಾಕಿ ಕೂರುತ್ತಾರೆ. ತೆರೆ ಬಂದು ಸೀರೆಯ ಅಂಚು ನೆನೆಸುತ್ತದೆ. ಕೂತವರು ಕೂತೇ ಇದ್ದಾರೆ.

ಮೊದಲ ದೋಣಿ ಬರುತ್ತದೆ. ಕೊರಗ ಹಾರಿ ಇಳಿದವನೇ ಕೈ ಚಾಚುತ್ತಾನೆ. ಅವನ ಹಿಂದೆ ಇನ್ನೊಬ್ಬ, ಇನ್ನೊಬ್ಬನ ಹಿಂದೆ ದುಗ್ಗಪ್ಪ. ಎರಡನೆಯ ದೋಣಿಯವರೂ ಬಂದು ಸೇರುತ್ತಾರೆ. ಇವತ್ತು ಅಳತೆ ಬೇಕಿಲ್ಲದವರೂ ನಿಂತಿದ್ದಾರೆ, ಅದು ಅವರ ಮುಖದಲ್ಲೇ ಗೊತ್ತಾಗುತ್ತದೆ. ಬಂಗುಡೆ ಮೀನು ದೋಣಿಯಲ್ಲೇ ಇದೆ. ಹರಾಜಿಗೆ ಬಂದವರು ಗೊಣಗುತ್ತಿದ್ದಾರೆ, ಹೆದ್ದಾರಿಯಲ್ಲಿ ಲಾರಿಯವನು ಹಾರ್ನು ಒತ್ತಿ ಒತ್ತಿ ಸುಸ್ತಾಗಿದ್ದಾನೆ. ಜಿತೇಂದ್ರ ಓಡಿ ಬರುತ್ತಾನೆ.

"ಸುಗುಣಕ್ಕ, ಎಂತ ಇದ್? ದಾರಿ ಬಿಡಿ. ಮೀನ್ ಹಾಳಾತ್ತ್."

ಸುಗುಣ ಕೊರಗನ ಮುಷ್ಟಿಯಿಂದ ಕಣ್ಣು ತೆಗೆಯುವುದಿಲ್ಲ. "ನಿನ್ ಶೆಡ್ಡಲ್ಲ್ ನಾನ್ ಕೂಕಣ್ಲಿಲ್ಲೆ ಜಿತು. ಕಡ್ಲ್ ಬುಡದಲ್ಲ್ ಕೂಕಂಡಿದ್ದೆ. ಕಡ್ಲೂ ನಿಮ್ ಗುಂಪಿಂದಾ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಜಿತೇಂದ್ರ ಒಮ್ಮೆ ಲಾರಿಯ ಕಡೆ, ಒಮ್ಮೆ ಸಾಲಿನ ಕಡೆ ನೋಡುತ್ತಾನೆ. ಆ ಚಾಚಿದ ಕೈಗಳಲ್ಲಿ ನೂಲಿನ ಬೆಲ್ಟಿಲ್ಲದ ಕೈ ಹುಡುಕಬೇಕು. ಕೈಗಳಾದರೋ ಊದಿ, ಬಿಳಿಚಿ, ನೀರು ಸುರಿಸುತ್ತಿವೆ. ಅವನು ಲೆಕ್ಕ ಬರೆಯುವವನು, ವರ್ಷಗಳಿಂದ ಹಗ್ಗ ಎಳೆದವನಲ್ಲ. ಸುಗುಣ ಹೇಳಿದ್ದ ಒದ್ದೆ ಕೈಯ ಮಾತು ಈಗ ಅವನ ಕಣ್ಣೆದುರಿಗೇ ನಿಂತಿದೆ. ಶೆಡ್ಡಿಗೆ ಹೋಗುತ್ತಾನೆ. ಪೆಟ್ಟಿಗೆಗಳನ್ನು ಒಂದೊಂದಾಗಿ ತಾನೇ ಎತ್ತಿ ಎದುರಿನ ಗೋಡೆಗೆ ಸಾಗಿಸುತ್ತಾನೆ. ಬೆವರು ಒರೆಸಿಕೊಂಡು ಬಂದು ಹೇಳುತ್ತಾನೆ: "ಮೂಲೆ ಖಾಲಿ ಆಯ್ತ್. ಬನ್ನಿ ಅಕ್ಕಾ."

"ಬತ್ತೆ," ಎನ್ನುತ್ತಾರೆ ಸುಗುಣ. "ಈ ಸಾಲ್ ಮುಗೀಲಿ."

ಬಿಸಿಲು ಏರುವ ಹೊತ್ತಿಗೆ ಅವರು ತಮ್ಮ ಕಂಬಕ್ಕೆ ಒರಗಿ, ಗಂಟಿನ ನೂಲುಗಳನ್ನು ಮಡಿಲಲ್ಲಿ ಹರಡಿಕೊಂಡಿದ್ದಾರೆ. ಕೆಂಪು ಗುರುತು ಬೆನ್ನ ಹಿಂದೆ ಮುಚ್ಚಿಹೋಗಿದೆ. ಇನ್ನು ಆಸೆ ಏನು ಎಂದು ಕೇಳಿದರೆ, ಸೂಜಿ ನಿಲ್ಲಿಸದೆ ಹೇಳುತ್ತಾರೆ.

"ಬೆಲ್ಟ್ ಕೈಯಲ್ಲ್ ಇತ್ತ್ ಅಂದೇಳಿ ಅವ್ರಿಗೆ ಗೊತ್ತೇ ಆಪ್ಕಾಗ. ಅಷ್ಟ್ ಹಗೂರ ಇರ್ಕ್."

ಒಂದು ಕಣ್ಣು ಹೆಣೆದು ಮುಗಿಸಿ, ನೂಲನ್ನು ಹಲ್ಲಿನಿಂದ ಕಡಿಯುತ್ತಾರೆ.

"ನಾನ್ ಇಲ್ಲ್ ಕೂಕಂಡಿದ್ದೆ ಅಂದೇಳಿ ಮಾತ್ರ, ಎಲ್ಲರಿಗೂ ಗೊತ್ತಿರ್ಕ್."