ಪುಟ ನಲವತ್ತರ ಪೆನ್ಸಿಲ್ ಗುರುತು

ಇಮ್ರೆ ಬಾರ್ಟೋಶ್ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ ಕಾಲದಲ್ಲಿ, ಕುದಿಯುವ ಉಕ್ಕು ತುಂಬಿದ ಬಾನಿಯನ್ನು ಒಂದು ಹನಿ ತುಳುಕದಂತೆ ನೆಲಕ್ಕಿಳಿಸುತ್ತಿದ್ದ ಎಂದು ನಮ್ಮ ಲೊರೇನ್ ಊರಿನಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಆ ಕೈಗಳು ನಡುಗಲು ಶುರುವಾದ ಮೇಲೆ ನಡೆದ ಒಂದು ಸಂಗತಿಯನ್ನು ನಾನು ಬರೆಯಬೇಕೆಂದಿದ್ದೇನೆ. ನಾನು ಓದಿದ್ದು ನಾಲ್ಕನೇ ತರಗತಿ, ಅದೂ ಹಂಗೇರಿಯಲ್ಲಿ. ಆದರೆ ಮೂವತ್ತು ವರ್ಷ ನನ್ನ ಹೊಲಿಗೆ ಯಂತ್ರ ಇದ್ದದ್ದು ಅವನ ಅಂಗಡಿಯ ಪಕ್ಕದಲ್ಲೇ. ನಡುವಿನ ಬಾಗಿಲನ್ನು ನಾವು ಯಾವತ್ತೂ ಮುಚ್ಚಿದವರಲ್ಲ. ಅಲ್ಲಿ ಆಡಿದ ಮಾತೆಲ್ಲ ನನ್ನ ಕಿವಿಗೆ ಬಿದ್ದಿದೆ.

ಕಾರ್ಖಾನೆಯವರು ಸಾವಿರಾರು ಜನರನ್ನು ಒಟ್ಟಿಗೇ ಮನೆಗೆ ಕಳಿಸಿದಾಗ ಇಮ್ರೆಗೆ ನಲವತ್ತೊಂದು ವರ್ಷ. ಅವನ ಜೊತೆಯವರು ಕೆಲಸ ಹುಡುಕಿಕೊಂಡು ಟೆಕ್ಸಸ್ ಕಡೆ ಹೋದರು. ಇವನು ಹೋಗಿ ಕಾಮಿಕ್ಸ್ ಅಂಗಡಿ ತೆರೆದ. ಭಾನುವಾರ ಚರ್ಚಿನ ಅಡುಗೆಮನೆಯಲ್ಲಿ ನಾವೆಲ್ಲ ಇರುವಾಗಲೇ ಅವನ ತಾಯಿ ಎದೆ ಬಡಿದುಕೊಂಡಳು.

"ಇಷ್ಟುದ್ದ ಮೀಸೆ ಬಿಟ್ಕೊಂಡು, ಮಕ್ಕಳ ಬೊಂಬೆ ಪುಸ್ತಕ ಮಾರ್ತಾನಂತಲ್ಲೇ!"

ಇಮ್ರೆಯ ಹೆಂಡತಿ ಮಾರ್ಗಿಟ್ ಎಲೆಕೋಸಿನ ಎಲೆಯೊಳಗೆ ಮಾಂಸ ತುಂಬಿ ಸುತ್ತುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಅತ್ತೆ, ಆ ಬೊಂಬೆಗಳು ಆಕಾಶದಲ್ಲಿ ಹಾರಾಡ್ತವೆ. ನಿಮ್ಮ ಮಗ ಇಪ್ಪತ್ತು ವರ್ಷ ಕ್ರೇನ್ ಮೇಲೇನೇ ಕೂತಿದ್ದ. ಅವನಿಗೆ ಬೇರೆ ಯಾರು ತಾನೇ ಪರಿಚಯ?"

ಅಂಗಡಿ ನೆಲೆಯೂರಿ ನಡೆಯಿತು. ಬುಧವಾರ ಹೊಸ ಪುಸ್ತಕ ಬರುವ ದಿನ. ಬರುವವರೆಲ್ಲರ ಹೆಸರಿಗೂ ಒಂದೊಂದು ರಟ್ಟಿನ ಪೆಟ್ಟಿಗೆ, ಅವರವರ ಪುಸ್ತಕ ಅದರೊಳಗೆ. ಅಂಥ ಒಂದು ಬುಧವಾರವೇ 'ಹೊತ್ತವನು' ಬಂದದ್ದು. ತೊಂಬತ್ತಾರು ಪುಟದ, ಹೆಚ್ಚು ದಪ್ಪವಿಲ್ಲದ ಚಿತ್ರಕಥೆ. ಅದರ ನಾಯಕ ಮುಖವಾಡ, ನೀಲಿ ಮೇಲಂಗಿ ತೊಟ್ಟ ಸೂಪರ್‌ಹೀರೊ. ಏನನ್ನು ಬೇಕಾದರೂ ಎತ್ತಬಲ್ಲ. ಆದರೆ ಎತ್ತಿದ್ದನ್ನು ತಾನಾಗಿ ಇಳಿಸಲಾರ. ಬೇರೆ ಯಾರಾದರೂ "ಸಾಕು, ಇಳಿಸು" ಎನ್ನಬೇಕು. ಕೊನೆಯ ಅಧ್ಯಾಯದಲ್ಲಿ ಕುಸಿಯುತ್ತಿರುವ ಸೇತುವೆಯನ್ನು ಹೆಗಲ ಮೇಲೆ ಹೊತ್ತು ಮೂರು ದಿನ ನಿಲ್ಲುತ್ತಾನೆ. ಜನ ದಾಟಿ ಬದುಕುತ್ತಾರೆ, ಮನೆ ಸೇರುತ್ತಾರೆ. ಆ ಒಂದು ಮಾತು ಹೇಳಲು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ತೊಂಬತ್ತೈದನೇ ಪುಟದಲ್ಲಿ ಅವನ ಬೆವೆತ ಮುಖ, ಪಕ್ಕದಲ್ಲಿ ಒಂದು ಮಾತಿನ ಗುಳ್ಳೆ: "ಸಾಕು, ಇಳಿಸು." ಹೇಳಿದವರ ಕಡೆ ತೋರಿಸಬೇಕಾದ ಗುಳ್ಳೆಯ ಬಾಲ ಚೌಕಟ್ಟಿನ ಕೆಳಗೆ ಹೋಗಿ ಮಾಯವಾಗುತ್ತದೆ. ಹೇಳಿದವರು ಯಾರೆಂದು ಪುಸ್ತಕ ಹೇಳುವುದಿಲ್ಲ. ತೊಂಬತ್ತಾರರಲ್ಲಿ ಇಡೀ ಸೇತುವೆ, ನದಿ, ಇರುವೆಗಳಷ್ಟು ಚಿಕ್ಕದಾದ ನೂರಾರು ಜನ. ಅಲ್ಲಿಗೆ ಮುಗಿಯಿತು.

ಇಮ್ರೆ ಮೊದಲನೇ ಸಲ ಓದಿ "ಪರವಾಗಿಲ್ಲ" ಎಂದು ಕಪಾಟಿಗಿಟ್ಟ. ಮುಂದಿನ ವಾರ ಎರಡನೇ ಸಲ ಓದಿದವನು ಪುಸ್ತಕ ಹಿಡಿದು ನನ್ನ ಬಾಗಿಲಿಗೇ ಓಡಿಬಂದ. ನನ್ನನ್ನು ಅವನು ಕರೆಯುತ್ತಿದ್ದದ್ದು ನೇನಿ ಎಂದು, ನಮ್ಮ ಭಾಷೆಯಲ್ಲಿ ದೊಡ್ಡಮ್ಮ ಎಂದಂತೆ.

"ಇಲ್ಕಾ ನೇನಿ, ಇದನ್ನ ಬರೆದೋನು ಕಾರ್ಖಾನೆ ಒಳಗೆ ಬೆವರು ಸುರಿಸಿದ ಮನುಷ್ಯ! ಕೊಕ್ಕೆಗೆ ಸರಪಳಿ ಸಿಕ್ಕಿಸಿರೋ ರೀತಿ ನೋಡಿ. ಹೊರಗಿನೋರಿಗೆ ಇದು ಗೊತ್ತಾಗೋಕೆ ಸಾಧ್ಯಾನೇ ಇಲ್ಲ."

"ಹೋದ ವಾರ ಓದಿದಾಗ ಇರ್ಲಿಲ್ವೇನಪ್ಪಾ ಅದು?"

"ಇತ್ತು. ಮೊದಲನೇ ಸಲ ಕಥೆ ನಮ್ಮನ್ನ ಎಳ್ಕೊಂಡು ಓಡುತ್ತೆ ನೇನಿ. ಎರಡನೇ ಸಲ ಎಲ್ಲಿಗೆ ಹೋಗ್ತೀವಿ ಅಂತ ಗೊತ್ತಿರುತ್ತಲ್ಲ, ದಾರೀಲಿ ಅಕ್ಕಪಕ್ಕ ನೋಡೋಕೆ ಪುರಸೊತ್ತು ಸಿಗುತ್ತೆ."

ಮರುವರ್ಷದಿಂದ ಒಂದು ಪದ್ಧತಿ ಶುರುವಾಯಿತು. ಮೇ ತಿಂಗಳ ಮೊದಲ ಶನಿವಾರ ಅಂಗಡಿಯಲ್ಲಿ ಎಲ್ಲರೂ ಸುತ್ತ ಕೂತು ಆ ಪುಸ್ತಕವನ್ನು ಮೊದಲಿಂದ ಕೊನೆವರೆಗೆ ಜೋರಾಗಿ ಓದಬೇಕು. ಯಾರಿಗಾದರೂ ಹಿಂದೆ ಯಾರೂ ಕಾಣದ್ದು ಕಂಡರೆ, ಆ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದು ಹೆಸರು, ವರ್ಷ ಹಾಕಬೇಕು. ಬೇರೆ ಪ್ರತಿ ಆಗುವುದಿಲ್ಲ, ಇಮ್ರೆ ಮೊದಲು ಓದಿದ ಅದೇ ಪ್ರತಿ ಆಗಬೇಕು.

ಹೊಸದು ಮುಗಿಯಲೇ ಇಲ್ಲ. ಅಂಚೆ ಹಂಚುವ ಕೋರಾ ಪ್ಲಮ್ಲಿ, ಪುಸ್ತಕದಲ್ಲಿ ಬರುವ ಮನೆಬಾಗಿಲುಗಳ ನಂಬರು ಪುಟದಿಂದ ಪುಟಕ್ಕೆ ಒಂದೇ ಬೀದಿಯ ಸಾಲಿನಂತೆ ಏರುತ್ತ ಹೋಗುವುದನ್ನು ಹಿಡಿದಳು. ಕೆಟ್ಟುನಿಂತ ಕಾರುಗಳನ್ನು ಎಳೆದೊಯ್ಯುವ ಲಾರಿಯ ರುಬೆನ್ ಮಾಲ್ಡೊನಾಡೊ, ಒಂದೇ ಹಳದಿ ಕಾರು ಮೂರು ಅಧ್ಯಾಯದಲ್ಲಿ ಮೂರು ಸಲ ಜಜ್ಜಿಹೋಗುವುದನ್ನು ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮೊದಲ ಅಧ್ಯಾಯದಲ್ಲಿ ನಾಯಕನ ತಾಯಿಯ ಕಿಟಕಿಗಿದ್ದ ಪರದೆಯ ಬಟ್ಟೆಯೇ ಮೂರನೆಯದರಲ್ಲಿ ಅವನ ಮೇಲಂಗಿಗೆ ತೇಪೆಯಾಗಿದೆ ಎಂದು ನಾನೂ ಒಂದು ವರ್ಷ ಹೇಳಿದ್ದುಂಟು. ಪುಸ್ತಕವನ್ನು ಅಷ್ಟು ಸಲ ಓದಿದ ಇಮ್ರೆ ಆಗ ಎದ್ದು ನಿಂತು ನನಗೆ ಟೋಪಿ ತೆಗೆದ.

ಮಾರ್ಗಿಟ್ ಬರೆದದ್ದು ನಲವತ್ತನೇ ಪುಟದಲ್ಲಿ, ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ. "ಊಟದ ಡಬ್ಬಿ ಹಿಡಿದ ಹೆಂಗಸು. ಒಂಬತ್ತನೇ ಪುಟದಲ್ಲೂ ಇದ್ದಳು, ಇಲ್ಲೂ ಇದ್ದಾಳೆ. ಎಲ್ಲಿಗೆ ಹೋಗುತ್ತಿದ್ದಾಳೆ?" ಆಮೇಲೆ ಎಲ್ಲರೂ ಹುಡುಕಿದೆವು. ಎಪ್ಪತ್ತೇಳರಲ್ಲಿ ಒಮ್ಮೆ ಸಿಕ್ಕಳು, ಜನದ ನಡುವೆ, ಅದೇ ಡಬ್ಬಿ. ಮುಂದೆ ಎಲ್ಲೂ ಸಿಗಲಿಲ್ಲ. ಮಾರ್ಗಿಟ್ ತೀರಿಕೊಂಡ ಮೇಲೂ ಪ್ರತಿ ವರ್ಷ ಆ ಪುಟ ಬಂದಾಗ ಇಮ್ರೆ ಅವಳು ಬರೆದಷ್ಟನ್ನೂ ಹೆಸರು ವರ್ಷ ಸಮೇತ ಓದುತ್ತಿದ್ದ. ಅವಳ ಅಕ್ಷರ ಅವನ ಬಳಿ ಬೇರೆಲ್ಲೂ ಹೆಚ್ಚು ಉಳಿದಿರಲಿಲ್ಲ. ಅವಳು ಕಾಗದ ಬರೆಯುವವಳಲ್ಲ, ಬಾಯಲ್ಲೇ ಹೇಳಿ ಮುಗಿಸುವವಳು.

ಇನ್ನು ಇಮ್ರೆ ಮಾಡಿದ ಒಂದು ತಪ್ಪಿನ ವಿಷಯ. ಈ ಕಾಮಿಕ್ಸ್ ಜನರಲ್ಲಿ ಒಂದು ರೂಢಿಯಿದೆ. ಒಳ್ಳೆಯ ಪ್ರತಿಯನ್ನು ಒಂದು ಕಂಪನಿಗೆ ಕಳಿಸುತ್ತಾರೆ. ಅವರು ಪರೀಕ್ಷೆ ಮಾಡಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಬೆಸೆದು ಕಳಿಸುತ್ತಾರೆ. ಆಮೇಲೆ ಅದನ್ನು ನೋಡಬಹುದೇ ಹೊರತು ಓದುವಂತಿಲ್ಲ. ಚರ್ಚಿನ ಅಡುಗೆಮನೆಗೆ ಹೊಸ ಒಲೆ ತರಲು ಲಾಟರಿ ಇಟ್ಟಿದ್ದರು. ಅದರ ಬಹುಮಾನಕ್ಕೆಂದು ಇಮ್ರೆ ತನ್ನಲ್ಲಿದ್ದ 'ಹೊತ್ತವನು' ಪುಸ್ತಕದ ಹೊಚ್ಚಹೊಸ ಪ್ರತಿಯನ್ನು ಹೀಗೆ ಬೆಸೆಯಿಸಿ ಕೊಡುತ್ತೇನೆಂದ. ಓದುವ ಪ್ರತಿ, ಹೊಸ ಪ್ರತಿ, ಎರಡಕ್ಕೂ ಒಂದೇ ತರಹದ ಚೀಲ, ಹಿಂದೆ ಒಂದೇ ತರಹದ ರಟ್ಟು. ಅಷ್ಟರಲ್ಲಿ ಅವನ ಕೈ ನಡುಗಲು ಶುರುವಾಗಿ ಎರಡು ವರ್ಷವಾಗಿತ್ತು. ಯಾರೂ ನೋಡಬಾರದೆಂದು ಒಬ್ಬನೇ ಹಿಂದಿನ ಕೋಣೆಯಲ್ಲಿ, ಕನ್ನಡಕವೂ ಇಲ್ಲದೆ, ಪೊಟ್ಟಣ ಕಟ್ಟಿದ್ದ.

ಆ ವರ್ಷದ ಓದಿಗೆ ಎರಡು ದಿನ ಇರುವಾಗ, ಗುರುವಾರ ಮಧ್ಯಾಹ್ನ, ಕಂಪನಿಯಿಂದ ವಾಪಸ್ ಬಂದ ಪೊಟ್ಟಣವನ್ನು ಕೋರಾ ತಂದಳು.

"ಬಾರ್ಟೋಶ್, ಬೇಗ ಸಹಿ ಹಾಕು. ಕಾಲು ಬಿದ್ದುಹೋಗ್ತಿದೆ."

ಅಂಗಡಿಯಲ್ಲೇ ಇದ್ದ ರುಬೆನ್ ಬಿಚ್ಚಿದ. ಮೇಲಿನ ಚೀಟಿಯನ್ನು ದೊಡ್ಡ ದನಿಯಲ್ಲಿ ಓದಿದ: "ಬೆನ್ನಿಗೆ ಟೇಪು. ಹಿಂಬದಿಗೆ ಕಾಫಿ ಕಲೆ. ಒಳಪುಟಗಳ ಅಂಚಿನ ತುಂಬ ಪೆನ್ಸಿಲ್ ಗೀಚು. ಹತ್ತಕ್ಕೆ ಒಂದು. ಡಾನ್ ಇಮ್ರೆ, ನಾನು ಗಣಿತದಲ್ಲಿ ಇದಕ್ಕಿಂತ ಜಾಸ್ತಿ ತಗೊಂಡಿದ್ದೆ!"

ಹಿರಿಯರನ್ನು ಡಾನ್ ಎನ್ನುವುದು ರುಬೆನ್ ಕಡೆಯವರ ಮರ್ಯಾದೆ. ಕೋರಾ ನಕ್ಕಳು. ನಾನೂ ಬಾಗಿಲಲ್ಲಿ ನಿಂತು ನಕ್ಕೆ. ಇಮ್ರೆ ನಗಲಿಲ್ಲ. ಪ್ಲಾಸ್ಟಿಕ್ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಒಳಗಿನ ಪುಸ್ತಕ ಕೈಗೆ ಸಿಗುವುದಿಲ್ಲವೆಂದು ಆಗಷ್ಟೇ ತಿಳಿದವನಂತೆ ನಿಂತ.

"ಕಳಿಸಿದ್ದು ಓದೋ ಪ್ರತೀನ. ನಲವತ್ತನೇ ಪುಟ ಇದರೊಳಗಿದೆ," ಎಂದ.

"ಫೋಟೋ ಇಟ್ಕೊಂಡಿಲ್ವಾ?" ಕೋರಾ ಕೇಳಿದಳು.

"ಕೈಯಲ್ಲೇ ಇದ್ದದ್ದಕ್ಕೆ ಯಾರು ಫೋಟೋ ತೆಗೀತಾರೆ?"

"ವಾಪಸ್ ಕಳ್ಸಿ. ಅವರೇ ಬಿಚ್ಚಿ ಕೊಡ್ತಾರೆ," ಎಂದ ರುಬೆನ್.

"ಇನ್ನೊಂದು ಸಲ ಅಂಚೆಗೆ ಹಾಕಲ್ಲ."

"ಅಂಚೆಯವಳು ಇಲ್ಲೇ ನಿಂತಿದ್ದೀನಿ ಬಾರ್ಟೋಶ್, ನಾಚಿಕೆ ಆಗಲ್ವಾ?" ಎಂದಳು ಕೋರಾ. ಆದರೆ ಅವಳೂ ಒತ್ತಾಯ ಮಾಡಲಿಲ್ಲ.

ಭಯ ಅವನಿಗೆ ಸುಮ್ಮನೆ ಬಂದದ್ದಲ್ಲ. ಬೆನ್ನಿನ ಟೇಪು ಒಣಗಿ ಹಪ್ಪಳವಾಗಿತ್ತು. ಪ್ಲಾಸ್ಟಿಕ್ ಒಡೆಯುವಾಗ ಚೂರೊಂದು ಒಳನುಗ್ಗಿದರೆ ಪುಟ ಸೀಳುವುದು ಖಂಡಿತ.

ಶನಿವಾರ ಬೆಳಿಗ್ಗೆ ಎಂಟಕ್ಕೆ ನಾವು ನಾಲ್ವರೂ ಸೇರಿದೆವು. ಹತ್ತಕ್ಕೆ ಜನ ಬರುವವರಿದ್ದರು. ಇಮ್ರೆ ಚಪ್ಪಟೆ ಬಾಯಿಯ ಸ್ಕ್ರೂಡ್ರೈವರ್ ತೆಗೆದುಕೊಂಡು ಪೆಟ್ಟಿಗೆಯ ಮೂಲೆಗೆ ಒತ್ತಿದ. ಅದು ಜಾರಿ ಮೇಲಿನಿಂದ ಕೆಳಗಿನವರೆಗೆ ಉದ್ದ ಗೀರಿತು. ಮತ್ತೆ ಒತ್ತಿದ. ಮತ್ತೆ ಜಾರಿತು.

"ಕೊಡಿ ಡಾನ್ ಇಮ್ರೆ," ಎಂದ ರುಬೆನ್.

"ನನ್ನ ಕೈಲಾಗಲ್ಲ ಅಂತ ಹೇಳಿದ್ಯಾರು? ಇನ್ನೂರು ಟನ್ ಉಕ್ಕು ಇಳಿಸಿದ್ದೀನಿ ಈ ಕೈಯಲ್ಲಿ!"

ಮೂರನೇ ಸಲ ತುದಿ ಜಾರಿ ಅವನ ಹೆಬ್ಬೆರಳಿಗೇ ತಾಕಿತು. ಆದರೂ ಬಿಡಲಿಲ್ಲ. ಬಿಗಿಯಾಗಿ ಹಿಡಿದಷ್ಟೂ ಕೈ ಹೆಚ್ಚು ಅದುರುತ್ತಿತ್ತು. ಆಗ ಕೋರಾ ಮೆಲ್ಲಗೆ ಹೇಳಿದಳು:

"ಸಾಕು ಬಾರ್ಟೋಶ್. ಇಳಿಸು."

ಆ ಮಾತು ಎಲ್ಲಿಯದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಇಮ್ರೆ ಅವಳ ಮುಖ ನೋಡಿದ. ಮೀಸೆಯ ಕೆಳಗೆ ನಗು ಬಂತು. ಸ್ಕ್ರೂಡ್ರೈವರನ್ನು ರುಬೆನ್ ಕೈಗೆ ಕೊಟ್ಟ.

"ಸರಿ. ಆದ್ರೆ ನಾನು ಹೇಳ್ದಂಗೆ ಮಾಡ್ಬೇಕು. ಮಾತಿಲ್ಲ, ಕೈಸನ್ನೆ ಮಾತ್ರ. ಕಾರ್ಖಾನೇಲಿ ಗದ್ದಲಕ್ಕೆ ಮಾತು ಕೇಳ್ತಿರ್ಲಿಲ್ಲ. ಕೆಳಗೆ ನಿಂತೋನು ಕೈ ತೋರಿಸ್ತಿದ್ದ, ಮೇಲೆ ಕೂತೋನು ಮಾಡ್ತಿದ್ದ. ಇವತ್ತು ಕೆಳಗೆ ನಿಂತೋನು ನಾನು."

ರುಬೆನ್ ನಾಲ್ಕು ಮೂಲೆ ಬಿಡಿಸಿ ಗಟ್ಟಿ ಚಿಪ್ಪನ್ನು ತೆಗೆದ. ಒಳಗೆ ಪುಸ್ತಕಕ್ಕೆ ಅಂಟಿಕೊಂಡಂತೆ ತೆಳ್ಳನೆಯ ಇನ್ನೊಂದು ಪ್ಲಾಸ್ಟಿಕ್ ಹೊದಿಕೆ. ಅದು ನನ್ನ ಪಾಲಿಗೆ ಬಂತು. ನನಗೆ ಎಂಬತ್ತನಾಲ್ಕಾದರೂ ಕೈ ನಡುಗುವುದಿಲ್ಲ, ಕಣ್ಣಿಗೆ ಮಾತ್ರ ಭೂತಗನ್ನಡಿ ಬೇಕು. ಹೊಲಿಗೆ ಬಿಚ್ಚುವ ಪುಟ್ಟ ಅಲಗನ್ನು ಅಂಚಿಗಿಟ್ಟೆ. ಇಮ್ರೆ ಎದುರಿಗೆ ನಿಂತ. ಅಂಗೈ ಕೆಳಮುಖ ಮಾಡಿ ತೋಳು ಚಾಚಿದರೆ ನಿಲ್ಲು. ತೋಳು ಕೆಳಗೆ ಬಿಟ್ಟು, ತೋರುಬೆರಳನ್ನು ನೆಲಕ್ಕೆ ತೋರಿಸಿ ಸಣ್ಣಗೆ ಸುತ್ತಿದರೆ ಇಳಿಸು. ಅವನ ಕೈ ನಡುಗುತ್ತಲೇ ಇತ್ತು, ಆದರೆ ಸನ್ನೆಯಲ್ಲಿ ಅನುಮಾನವಿರಲಿಲ್ಲ. ಬೆನ್ನಿನ ಹತ್ತಿರ ಬಂದಾಗ ನಿಲ್ಲಿಸಿದ. ಬಾಗಿ ನೋಡಿದ. ಇಳಿಸು ಎಂದು ಬೆರಳು ಸುತ್ತಿದ. ಅರ್ಧ ಗಂಟೆ ಹಿಡಿಯಿತು.

ಪುಸ್ತಕ ಹೊರಬಂತು. ಒಂದು ಪುಟವೂ ಹರಿದಿರಲಿಲ್ಲ. ಇಮ್ರೆ ಮೊದಲು ತೆರೆದದ್ದು ನಲವತ್ತನ್ನು. ಪೆನ್ಸಿಲ್ ಅಕ್ಷರ ಹಾಗೇ ಇತ್ತು.

ಹತ್ತಕ್ಕೆ ಓದು ಶುರುವಾಯಿತು. ಮೂವತ್ತು ಜನ, ತಟ್ಟೆಯಲ್ಲಿ ನಾನು ಮಾಡಿದ ವಾಲ್‌ನಟ್ ತುಂಬಿದ ಕಿಫ್ಲಿ ಸಿಹಿತಿಂಡಿ. ಮಧ್ಯಾಹ್ನ ಒಂದರ ಹೊತ್ತಿಗೆ ಕೊನೆಯ ಪುಟ ಬಂತು. ಎಂದಿನಂತೆ ಜಗಳವೂ ಬಂತು. "ಸಾಕು ಅಂದದ್ದು ಅವನ ಸತ್ತ ತಾಯಿ," ಎಂದ ರುಬೆನ್. "ಅವನೇ ಅವನಿಗೆ ಹೇಳ್ಕೊಂಡಿದ್ದು," ಎಂದಳು ಕೋರಾ. ಇಪ್ಪತ್ತೇಳನೇ ವರ್ಷದ ಜಗಳ ಅದು.

ಇಮ್ರೆ ನನ್ನ ಭೂತಗನ್ನಡಿ ಕಿತ್ತುಕೊಂಡು ಸೇತುವೆಯ ಬುಡಕ್ಕೆ ಹಿಡಿದ. ಅಲ್ಲಿ ಬೆನ್ನು ತೋರಿಸಿ ನಿಂತ ಒಬ್ಬ ಹೆಂಗಸು, ಜೋಳದ ಕಾಳಿಗಿಂತ ಚಿಕ್ಕವಳು. ಒಂದು ತೋಳು ಕೆಳಗಿದೆ, ಬೆರಳು ನೆಲಕ್ಕೆ ತೋರಿಸುತ್ತಿದೆ.

"ನೇನಿ," ಎಂದ. "ಬೆಳಿಗ್ಗೆ ನಾನು ನಿಮಗೆ ಏನು ತೋರಿಸ್ದೆ?"

"ಇಳಿಸು ಅಂತ."

"ಇವಳೂ ಅದನ್ನೇ ತೋರಿಸ್ತಿದ್ದಾಳೆ. ಇಪ್ಪತ್ತು ವರ್ಷ ಈ ಸನ್ನೆ ನೋಡಿದ್ದು ಮೇಲಿಂದ, ಎದುರಿಗೆ. ಹಿಂದಿನಿಂದ ಹೆಂಗೆ ಕಾಣುತ್ತೆ ಅಂತ ಗೊತ್ತೇ ಇರ್ಲಿಲ್ಲ. ಇವತ್ತು ನನ್ನ ತೋಳೇ ಹಂಗೆ ನಿಂತಿತ್ತಲ್ಲ." ಗಾಜನ್ನು ಕೂದಲೆಳೆಯಷ್ಟು ಸರಿಸಿದ. "ಕಾಲ ಹತ್ರ ನೋಡಿ."

ಕಾಲ ಹತ್ತಿರ, ನೆಲದ ಮೇಲೆ, ಊಟದ ಡಬ್ಬಿ ಇತ್ತು.

ಹದಿನೆಂಟು ವರ್ಷ ನಾವು ಹುಡುಕಿದ್ದು ಡಬ್ಬಿ ಹಿಡಿದ ಕೈಯನ್ನು. ಅವಳೋ ಸನ್ನೆ ಮಾಡಲೆಂದು ಡಬ್ಬಿಯನ್ನು ಕೆಳಗಿಟ್ಟಿದ್ದಳು. ಪುಸ್ತಕ ಕೈಯಿಂದ ಕೈಗೆ ಹೋಯಿತು. ರುಬೆನ್ ಎರಡು ಸಲ ನೋಡಿ, "ಸತ್ತ ತಾಯಿ ಅಲ್ಲ ಬಿಡಿ," ಎಂದು ಒಪ್ಪಿಕೊಂಡ. ಅವನು ಸೋಲೊಪ್ಪಿಕೊಂಡದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಆ ಹೊತ್ತು ಇಮ್ರೆಯ ಮುಖದಲ್ಲಿದ್ದ ಹೆಮ್ಮೆಯನ್ನು, ಕಾರ್ಖಾನೆಯವರು ಅವನಿಗೆ ಗಡಿಯಾರ ಕೊಟ್ಟು ಸನ್ಮಾನಿಸಿದ ದಿನವೂ ನಾನು ಕಂಡಿರಲಿಲ್ಲ. ಅದು ಪೂರ್ತಿ ಅವನದೂ ಆಗಿರಲಿಲ್ಲ. "ಕೇಳಿದ್ದು ಮಾರ್ಗಿಟ್," ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದ. "ಅವಳು ಕೇಳದೇ ಇದ್ದಿದ್ರೆ ಡಬ್ಬಿ ಯಾರು ನೋಡ್ತಿದ್ರು?"

ಹೊಸ ಪ್ರತಿಯನ್ನು ಬೆಸೆಯಿಸದೆ ಹಾಗೇ ಲಾಟರಿಗೆ ಕೊಟ್ಟ. ಗೆದ್ದ ಹೆಂಗಸಿಗೆ, ಓದದೆ ಇಟ್ಟರೆ ವಾಪಸ್ ಇಸಿದುಕೊಳ್ಳುತ್ತೇನೆ ಎಂದು ಹೆದರಿಸಿದನಂತೆ. ಹತ್ತಕ್ಕೆ ಒಂದು ಅಂಕದ ಆ ಒಡೆದ ಚಿಪ್ಪು ಇವತ್ತಿಗೂ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿ ತೂಗುತ್ತಿದೆ.

ಅವತ್ತು ನಾವು ನಾಲ್ವರನ್ನು ಬಿಟ್ಟು ಎಲ್ಲರೂ ಹೋದ ಮೇಲೆ ಅವನು ನಲವತ್ತನೇ ಪುಟ ತೆರೆದು, ಪೆನ್ಸಿಲ್ ಚೂಪು ಮಾಡಿ ಕೂತ. ಕೈ ಕುಣಿಯುತ್ತಿತ್ತು.

"ನೀನು ಹೇಳು, ನಾನು ಬರೀತೀನಿ," ಎಂದಳು ಕೋರಾ. "ನನ್ನ ಅಕ್ಷರ ಮುದ್ದಾಗಿದೆ."

"ಬೇಡ. ಅಲುಗಾಡಿದ್ರೆ ಅಲುಗಾಡ್ಲಿ. ಅವಳಿಗೆ ನನ್ನ ಕೈಬರಹ ಗೊತ್ತು."

ಮಾರ್ಗಿಟ್‌ಳ ಪ್ರಶ್ನೆಯ ಕೆಳಗೆ, ಹೊಲಿಗೆ ಕಲಿಯುವವರ ಮೊದಲ ಸಾಲಿನಂತೆ ಏರಿಳಿಯುವ ಅಕ್ಷರದಲ್ಲಿ, ಬಹಳ ಹೊತ್ತು ತೆಗೆದುಕೊಂಡು ಬರೆದ: "ಸೇತುವೆಯ ಬುಡಕ್ಕೆ. ಅವನಿಗೆ ಇಳಿಸು ಎಂದು ಹೇಳಲು. ಇಮ್ರೆ, ೨೦೧೪."