ಬಸ್ಸಿನ ಡಬ್ಬಿಯಲ್ಲಿ ಹೋದ ಕಾಗದಗಳು

ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ನನ್ನ ಅಕ್ಕ ಸುಮಿತ್ರಳ ತಿಥಿಯ ದಿನ, ಹೊಸನಗರದ ಅವಳ ಗಂಡನ ಮನೆಯಲ್ಲಿ ಎಲ್ಲರೂ ಅವಳ ಫೋಟೋ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದರೆ, ನಾನು ಅಟ್ಟದ ಮೇಲಿದ್ದ ಅವಳ ಟ್ರಂಕನ್ನು ನೋಡುತ್ತಿದ್ದೆ. ಅಳಲಿಲ್ಲ ಎಂದಲ್ಲ. ಅತ್ತೆ. ಆದರೆ ಅಳುವಿನ ನಡುನಡುವೆ ಏಣಿ ಎಲ್ಲಿದೆ ಎಂದೂ ಹುಡುಕುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು ಇನ್ನೊಬ್ಬರಿಗೆ, "ಪಾಪ, ಮೇಲೇ ನೋಡ್ತಾ ಕೂತಿದೆ, ಅಕ್ಕ ಸ್ವರ್ಗದಲ್ಲಿ ಕಾಣ್ತಾಳೆ ಅಂತ" ಎಂದರು. ನಾನು ತಿದ್ದಲು ಹೋಗಲಿಲ್ಲ.

ಆ ಟ್ರಂಕಿನಲ್ಲಿ ನಾನು ಹನ್ನೊಂದು ವರ್ಷ ಅಕ್ಕನಿಗೆ ಬರೆದ ಕಾಗದಗಳಿರಬಹುದು ಎಂಬುದು ನನ್ನ ಹೆದರಿಕೆ. ಪ್ರತಿಯೊಂದರ ಕೊನೆಗೂ "ಓದಿದ ಕೂಡಲೇ ಒಲೆಗೆ ಹಾಕು" ಎಂದು ಬರೆದು ಅಡಿಗೆರೆ ಎಳೆಯುತ್ತಿದ್ದೆ. ಅವಳೂ ನನಗೆ ಹಾಗೇ ಬರೆಯುತ್ತಿದ್ದಳು. ಅವಳ ಒಂದು ಕಾಗದವನ್ನೂ ನಾನು ಒಲೆಗೆ ಹಾಕಿರಲಿಲ್ಲ. ಹಾಗಿರುವಾಗ ಅವಳು ಹಾಕಿರುತ್ತಾಳೆ ಎಂದು ಯಾವ ಧೈರ್ಯದಿಂದ ನಂಬಲಿ?

ನಮಗೆ ಬರೆಯುವುದನ್ನು ಕಲಿಸಿದವರು ಅಳಿಸುವುದನ್ನು ಸರಿಯಾಗಿ ಕಲಿಸಲಿಲ್ಲ. ಸ್ಲೇಟಿನ ಕಾಲವೇ ಚೆನ್ನಾಗಿತ್ತು. ಎಂಜಲು ಹಚ್ಚಿ ಅಂಗೈಯಲ್ಲಿ ಒರೆಸಿದರೆ ಮುಗಿಯಿತು. ತೀರ್ಥಹಳ್ಳಿಯ ಪ್ರೈಮರಿ ಶಾಲೆಯಲ್ಲಿ ನಾನು ಸ್ಲೇಟಿನ ಮೇಲೆ ಬರೆದ ಯಾವ ಮಾತಿಗೂ ಇವತ್ತು ಸಾಕ್ಷಿಯಿಲ್ಲ. ಕಾಗದದ ತೊಂದರೆಯೆಂದರೆ ಬರೆಯುವವರು ಒಬ್ಬರು, ಇಟ್ಟುಕೊಳ್ಳುವವರು ಇನ್ನೊಬ್ಬರು. ನನ್ನ ಮಾತನ್ನು ನಾನೇ ಅಳಿಸಬೇಕೆಂದರೂ ಬಸ್ಸು ಹತ್ತಿ ಹೋಗಿ ಬೇರೆಯವರ ಮನೆಯ ಅಟ್ಟ ಹತ್ತಬೇಕು. ನಮ್ಮ ಕಡೆ ಓದಿದ ಕೂಡಲೇ ಹರಿದು ಎಸೆಯುವುದು ಒಂದೇ ಬಗೆಯ ಕಾಗದವನ್ನು, ಸಾವಿನ ಸುದ್ದಿ ತಂದದ್ದನ್ನು. ಅದನ್ನು ಹೊಸ್ತಿಲ ಒಳಗೆ ತರುವುದಿಲ್ಲ. ತಿಂಗಳುಗಟ್ಟಲೆ ಕಾಯಿಲೆಯಲ್ಲಿದ್ದ ಅಕ್ಕನ ಸುದ್ದಿಗೆ ಆ ಕಾಗದವೂ ಇರಲಿಲ್ಲ. ದೀಪಾವಳಿ ಕಳೆದ ಮರುವಾರ ಬಸ್ಸಿನ ಕಂಡಕ್ಟರ್ ಬಾಗಿಲಿಗೆ ಬಂದು, ನನ್ನ ಮುಖ ನೋಡದೆ, "ಅಮ್ಮಾ, ಹೊಸನಗರಕ್ಕೆ ಹೊರಡಿ, ಬಸ್ಸು ನಿಲ್ಸಿದೀನಿ" ಎಂದ. ಹರಿದು ಹಾಕಲು ಕೈಗೆ ಏನೂ ಸಿಗಲಿಲ್ಲ.

ಆ ಬಸ್ಸಿನ ವಿಷಯ ಹೇಳಬೇಕು. ನನ್ನನ್ನು ಸಾಗರಕ್ಕೂ ಅಕ್ಕನನ್ನು ಹೊಸನಗರಕ್ಕೂ ಮದುವೆ ಮಾಡಿ ಕೊಟ್ಟದ್ದು ಒಂದೇ ವರ್ಷ, ಎಪ್ಪತ್ತಮೂರರ ಸುಮಾರಿಗೆ. ನಮ್ಮ ನಡುವೆ ಎರಡು ಅಂಚೆಗಳಿದ್ದವು. ಒಂದು ಸರ್ಕಾರದ್ದು. ಅದರಲ್ಲಿ ಹೋದ ಇನ್‌ಲ್ಯಾಂಡ್ ಲೆಟರನ್ನು ಅಕ್ಕನ ಮಾವ ಸಂಜೆ ಕಾಫಿಯ ಹೊತ್ತಿಗೆ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರು. ಕೆಟ್ಟ ಉದ್ದೇಶವಿರಲಿಲ್ಲ. ಮನೆಗೆ ಬಂದ ಕಾಗದ ಮನೆಯವರಿಗೆಲ್ಲ ಸೇರಿದ್ದು ಎಂದು ಅವರು ತಿಳಿದಿದ್ದರು. ಒಮ್ಮೆ ನನಗೆ ಹೊಟ್ಟೆನೋವು ಎಂದು ಒಂದು ಸಾಲು ಬರೆದೆ. ಮರುವಾರ ಆ ಬೀದಿಯ ಐದು ಮನೆಗಳಿಂದ ಐದು ಬಗೆಯ ಕಷಾಯದ ವಿಧಾನಗಳು ಬಂದವು. ಅಂದಿನಿಂದ ಆ ಅಂಚೆಯಲ್ಲಿ ಕ್ಷೇಮಸಮಾಚಾರ ಮತ್ತು ಹಬ್ಬದ ನಮಸ್ಕಾರ ಮಾತ್ರ ಹೋದವು.

ಎರಡನೆಯದು ಬಸ್ಸಿನ ಅಂಚೆ. ತಗಡಿನ ಬಿಸ್ಕತ್ತು ಡಬ್ಬಿಯೊಂದು ಸಾಗರಕ್ಕೂ ಹೊಸನಗರಕ್ಕೂ ಓಡಾಡುತ್ತಿತ್ತು. ಮೇಲೆ ಚಕ್ಕುಲಿಯೋ ಹಪ್ಪಳವೋ, ತಳದಲ್ಲಿ ಅಂಗಡಿಯ ಪೊಟ್ಟಣದ ಕಾಗದ, ಅದರ ಅಡಿಗೆ ನಿಜವಾದ ಕಾಗದ. ಕಂಡಕ್ಟರ್‌ಗೆ ಅನುಮಾನವಿತ್ತು. "ಅಕ್ಕ ತಂಗಿ ಇಬ್ರಿಗೂ ಚಕ್ಕುಲಿ ಮಾಡಕ್ಕೆ ಬರ್ತದಲ್ಲಮ್ಮ, ಮತ್ತೆ ಎಂತಕ್ಕೆ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ?" ಎನ್ನುತ್ತಿದ್ದ. ದಾರಿಯಲ್ಲಿ ಒಂದೆರಡು ಚಕ್ಕುಲಿ ಕಡಿಮೆಯಾಗುವುದು ನಮಗೂ ಗೊತ್ತಿತ್ತು. ಎರಡು ಕಡೆಯವರೂ ಸುಮ್ಮನಿದ್ದೆವು.

ಬರೆಯುತ್ತಿದ್ದದ್ದೇನು? ಹೆಚ್ಚಿನ ಪಾಲು ಅಕ್ಕನ ಅತ್ತೆಯ ವಿಷಯ. ಅವರನ್ನು ಎದುರಿಗೆ ಇಬ್ಬರೂ ಅತ್ತೆಮ್ಮ ಎನ್ನುತ್ತಿದ್ದೆವು. ನನ್ನ ಕಾಗದದಲ್ಲಿ ಮಾತ್ರ ಅವರು ತಾಲೂಕು ಆಳುವ "ಅಮಲ್ದಾರರು". ಅಕ್ಕ ಒಂದು ಚಮಚ ದೂರು ಬರೆದರೆ ನಾನು ಒಂದು ಬಟ್ಟಲು ಸೇರಿಸಿ ವಾಪಸು ಕಳಿಸುತ್ತಿದ್ದೆ. ಅವಳಿಗೆ ಸಮಾಧಾನವಾಗಲಿ ಎಂದು ಹಾಗೆ ಮಾಡಿದೆ ಎನ್ನಬಹುದು. ನಿಜ ಹೇಳಬೇಕೆಂದರೆ ನನಗೆ ಬರೆಯುವ ಖುಷಿ. "ನಿಮ್ಮ ಅಮಲ್ದಾರರ ಸಕ್ಕರೆ ಡಬ್ಬಿ ತೆರೆದದ್ದನ್ನು ನಿಮ್ಮನೆಯ ಇರುವೆಗಳೂ ನೋಡಿಲ್ಲ" ಎಂಬ ಸಾಲು ಬರೆದ ದಿನ ಸಂಜೆಯವರೆಗೂ ಒಬ್ಬಳೇ ನಗುತ್ತಿದ್ದೆ.

ಈಗ ಆ ಸಾಲು ಮಾವನ ಕೈಗೆ ಸಿಕ್ಕರೆ? ಜಗಲಿ, ಕಾಫಿಯ ಹೊತ್ತು, ಅವರ ಗಟ್ಟಿ ಗಂಟಲು, ಓದು ಬಾರದ ಅತ್ತೆಮ್ಮ ಕಂಬಕ್ಕೆ ಒರಗಿ ಕೇಳುತ್ತಿರುವುದು, ಎಲ್ಲವೂ ಕಣ್ಣಿಗೆ ಕಟ್ಟುತ್ತಿತ್ತು. ಅಕ್ಕನಿಗೆ ಮಕ್ಕಳಿರಲಿಲ್ಲ. ತವರಿನಲ್ಲಿ ಅಪ್ಪ ಅಮ್ಮ ತೀರಿಕೊಂಡಿದ್ದರು. ಭಾವ ಮಾತು ಕಡಿಮೆಯವರು. ಅಕ್ಕ ಹೇಗೆ ನಗುತ್ತಿದ್ದಳು, ಯಾವ ಪಲ್ಯಕ್ಕೆ ಮುಖ ತಿರುಗಿಸುತ್ತಿದ್ದಳು ಎಂಬುದನ್ನೆಲ್ಲ ಬಲ್ಲ ಜೀವ ಅತ್ತೆಮ್ಮ ಒಬ್ಬರೇ. ಆ ಬಾಗಿಲು ಮುಚ್ಚಿದರೆ ಅಕ್ಕನ ಬಗ್ಗೆ ಮಾತಾಡಲು ನನಗೆ ಜಾಗವೇ ಇರುತ್ತಿರಲಿಲ್ಲ.

ಎರಡು ತಿಂಗಳು ತಡೆದೆ. ಕೊನೆಗೆ ನಮ್ಮನೆಯವರ ಹತ್ತಿರ ಹೇಳಿದೆ. "ಬರೆಯೋವಾಗ ಕೈ ನಡುಗ್ಲಿಲ್ಲ, ಈಗ ಕಾಲು ನಡುಗ್ತದಾ? ಹೋಗ್ ಬಾ ಮಾರಾಯ್ತಿ" ಎಂದು ನಕ್ಕರು. ಅಕ್ಕನ ಒಂದು ಸೀರೆ ನೆನಪಿಗೆ ಬೇಕು ಎಂಬ ನೆಪ ಹಿಡಿದು ಹೋದೆ.

ಅತ್ತೆಮ್ಮ ಕಾಫಿ ಕೊಟ್ಟರು. ಒಂದು ಗುಟುಕಿಗೇ ಬಾಯಿ ಅಂಟಿತು. ಪಾಯಸಕ್ಕೂ ಅಷ್ಟು ಸಕ್ಕರೆ ಹಾಕುವುದಿಲ್ಲ.

"ಸಕ್ಕರೆ ಸಾಕಾ? ಇನ್ನೊಂಚೂರು ಹಾಕ್ಲಾ?"

"ಸಾಕು ಅತ್ತೆಮ್ಮ, ಜಾಸ್ತಿನೇ ಆಯ್ತು."

"ಆಗ್ಲಿ ಬಿಡು. ಇರುವೆಗಳೂ ಒಂದ್ಸಲ ನೋಡ್ಲಿ."

ಲೋಟ ಎಲ್ಲಿಟ್ಟೆನೋ ತಿಳಿಯಲಿಲ್ಲ. "ಮಾವ ಓದಿದ್ರಾ?" ಎಂದಷ್ಟೇ ಕೇಳಲಾಯಿತು.

"ಅವರ ಕೈಗೆ ಎಂತಕ್ಕೆ ಕೊಡ್ತೀನಿ? ಊರಿಗೆಲ್ಲ ಡಂಗುರ ಹೊಡಿಯಕ್ಕಾ? ನಿನ್ನ ಅಕ್ಕನೇ ಓದಿ ಹೇಳಿದ್ದು."

ಬಿದಿರಿನ ಬುಟ್ಟಿ, ಮೊರಗಳಿಗೆ ಕಾಗದ ಬಳಿಯುವುದು ನಮ್ಮ ಕಡೆ ಬೇಸಿಗೆಯ ಕೆಲಸ. ಹಳೇ ಕಾಗದ ಹರಿದು ನಾಲ್ಕು ದಿನ ನೀರಿನಲ್ಲಿ ನೆನೆಹಾಕಿ, ಮೆಂತ್ಯದ ಜೊತೆ ಒರಳಿನಲ್ಲಿ ರುಬ್ಬಿ ಬಳಿದು ಒಣಗಿಸಿದರೆ ಸಂದು ಮುಚ್ಚಿ ಹಿಟ್ಟು ಸೋರುವುದಿಲ್ಲ. ಅಕ್ಕನ ಕಾಯಿಲೆ ವಾಸಿಯಾಗುವಂಥದ್ದಲ್ಲ ಎಂದು ತಿಳಿದ ಬೇಸಿಗೆಯಲ್ಲಿ ಅತ್ತೆಮ್ಮ ಹಾಗೆ ಕಾಗದ ಕೂಡಿಸುತ್ತಿದ್ದಾಗ, ಅವಳು ಟ್ರಂಕನ್ನು ಕೆಳಗೆ ತರಿಸಿ ನನ್ನ ಕಾಗದಗಳ ಕಟ್ಟನ್ನು ಮುಂದಿಟ್ಟಳಂತೆ. ಹರಿಯುವ ಮೊದಲು ಒಂದೊಂದನ್ನೂ ಓದಿಕೊಂಡು ನಗುತ್ತಿದ್ದಳಂತೆ. ನನಗೂ ಓದಿ ಹೇಳು ಎಂದು ಅತ್ತೆಮ್ಮ ಪಟ್ಟು ಹಿಡಿದರಂತೆ.

"ಎಲ್ಲಾ ಓದಿದ್ಲಾ?"

"ಎಲ್ಲಾ. ಎರಡು ದಿನ ನಾನು ಅವಳ ಹತ್ರ ಮಾತಾಡ್ಲಿಲ್ಲ. ಮೂರನೇ ದಿನ ಒರಳ ಮುಂದೆ ಕೂತಾಗ ಆ ಇರುವೆ ನೆನಪಾಗಿ ನಗು ಬಂದ್ಬಿಡ್ತು. ಅವಳೂ ನಕ್ಲು. ಆಮೇಲೆ ಎಂತ ಸಿಟ್ಟು?"

"ನಂಗೆ ಒಂದು ಸಾಲು ಬರೀಬಾರ್ದಿತ್ತಾ ಅವಳು?"

"ಬರೀತೀನಿ ಅಂದ್ಲು. ನಾನೇ ಬ್ಯಾಡ ಅಂದೆ. ನಾಚ್ಕೆಗೆ ನೀನು ಈ ಕಡೆ ಬರೋದೇ ನಿಲ್ಸಿದ್ರೆ?"

ಎದ್ದು ಹೋಗಿ ಒಂದು ಬುಟ್ಟಿ ತಂದು ನನ್ನ ಮುಂದಿಟ್ಟರು. ಬೂದು ಬಣ್ಣ, ಅಲ್ಲಲ್ಲಿ ನನ್ನ ಪೆನ್ನಿನ ನೀಲಿ. ಹುಡುಕಿದರೂ ಒಂದು ಅಕ್ಷರವಿರಲಿಲ್ಲ. "ನಿನ್ನ ಬೈಗುಳ ಪೂರಾ ಇದ್ರಲ್ಲೇ ಇದೆ. ಬುಟ್ಟಿಗೆ ಸಾಕಾಯ್ತು. ಇನ್ನೊಂದು ನಾಕು ಸಲ ಬೈದಿದ್ರೆ ಮೊರಕ್ಕೂ ಆಗ್ತಿತ್ತು ನೋಡು" ಎಂದರು.

ಎರಡು ತಿಂಗಳಿಂದ ಸರಿಯಾಗಿ ಉಂಡಿರದವಳು ಆ ಕಾಫಿಯನ್ನು ತಳದ ಸಕ್ಕರೆ ಸಮೇತ ಕುಡಿದೆ. ಹೊರಡುವಾಗ ಸೀರೆ ಕೊಟ್ಟು, "ಅವಳು ನಿಂಗೆ ಬರ್ದಿದ್ದು ಇದ್ಯಲ್ಲ, ತಗೊಂಡ್ ಬಾ. ಓದಿ ಹೇಳು, ಮೊರಕ್ಕೆ ಬಳಿಯಾಣ" ಎಂದರು. ಒಲೆಗೆ ಹಾಕಿಬಿಟ್ಟೆ ಎನ್ನಲು ಬಾಯಿ ತೆರೆದೆ. "ಸುಳ್ಳು ಹೇಳ್ಬೇಡ" ಎಂದು ಮೊದಲೇ ತಡೆದರು.

ಅದು ಸುಲಭವಾಗಿರಲಿಲ್ಲ. ನನ್ನ ಕಾಗದ ಕರಗಿದ್ದು ನನಗೆ ಬಿಡುಗಡೆ. ಅಕ್ಕನದು ಕರಗಿದರೆ ಹೋಗುವುದು ಅವಳ ಕೈಬರಹ. ಅದೂ ಅಲ್ಲದೆ, ಅತ್ತೆಮ್ಮನಿಗೆ ನನ್ನ ಮೇಲೆ ಸಿಟ್ಟು ಬಂದರೆ ಜಗಳವಾಡಿ ರಾಜಿಯಾಗಲು ನಾನಿದ್ದೇನೆ, ಅಕ್ಕನ ಮೇಲೆ ಬಂದರೆ ಅವಳಿಲ್ಲ. ಆದರೂ ಬಿಸಿಲು ಬಲಿಯುತ್ತಿದ್ದ ಒಂದು ದಿನ ಕಟ್ಟು ಹಿಡಿದು ಹೋದೆ. ಅತ್ತೆಮ್ಮ ಹಿತ್ತಿಲಿನಲ್ಲಿ ನೀರಿನ ಬಕೆಟ್ಟು ಇಟ್ಟುಕೊಂಡು ಕಾಯುತ್ತಿದ್ದರು. ನಾನು ಓದುವುದು, ಹರಿಯುವುದು, ನೀರಿಗೆ ಹಾಕುವುದು. ಒಂದು ಕಡೆ ಸಾಲು ಕಹಿಯಾಗಿತ್ತು. ಮೆಲ್ಲಗೆ ಹಾರಿಸಿದೆ.

"ನಿಲ್ಸಿದ್ದೆಂತಕ್ಕೆ? ಬೈದಿದ್ದನ್ನೂ ಓದು. ಅವಳ ಮಾತು ಕೇಳಿ ಮೂರು ತಿಂಗಳಾಯ್ತು."

ಓದಿದೆ. ಬೆಳಗಿನ ಜಾವವೇ ಎಬ್ಬಿಸುತ್ತಾರೆ ಎಂಬುದಕ್ಕೆ "ಹೌದು, ಎಬ್ಬಿಸ್ತಿದ್ದೆ" ಎಂದರು. ನೆಂಟರೆದುರು ಸಾರಿಗೆ ಹುಳಿ ಜಾಸ್ತಿ ಎಂದು ಹಂಗಿಸಿದರು ಎಂಬುದನ್ನು ಮಾತ್ರ ಒಪ್ಪಲಿಲ್ಲ. "ಹುಳಿ ನಿಜವಾಗ್ಲೂ ಜಾಸ್ತಿ ಇತ್ತು ಕಣೇ" ಎಂದು ನನ್ನೊಡನೆ ವಾದಕ್ಕಿಳಿದರು. ಒಂದು ಚೀಟಿಯಲ್ಲಿ, "ಎರಡು ದಿನದಿಂದ ಅತ್ತೆಮ್ಮನಿಗೆ ಜ್ವರ, ಬೈಗುಳವಿಲ್ಲ. ಮನೆ ಬಿಕೋ ಅನ್ನುತ್ತಿದೆ" ಎಂದಿತ್ತು. ಅದನ್ನು ಎರಡು ಸಲ ಓದಿಸಿದರು. ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ತಾವೇ ಸಣ್ಣಗೆ ಹರಿದು ನೀರಿಗೆ ಬಿಟ್ಟರು.

ಯಾರಿಗೆ ತಿಳಿಯಬಾರದಿತ್ತೋ ಅವರಿಗೇ ಓದಿ ಹೇಳಿದ ಮೇಲೆ ಕಾಗದ ಬರೀ ಕಾಗದ ಎಂದು ನನಗೆ ಅಲ್ಲಿ ತಿಳಿಯಿತು. ಈ ಉಪಾಯವನ್ನು ಎಲ್ಲರಿಗೂ ಹೇಳಿಕೊಡುವ ಧೈರ್ಯ ನನಗಿಲ್ಲ. ಕೇಳುವವರು ಅತ್ತೆಮ್ಮನಂಥವರಾಗಿರಬೇಕು.

ಕೊನೆಯದೂ ಮುಗಿದಾಗ ಅವರು ಬಕೆಟ್ಟಿನಲ್ಲಿ ಕೈಯಾಡಿಸಿ ನೋಡಿದರು. "ಇಷ್ಟೇನಾ? ಹನ್ನೊಂದು ವರ್ಷಕ್ಕೆ ಅವಳು ನನ್ನ ಬೈದಿದ್ದು ಇಷ್ಟೇನಾ? ನಾನು ಒಂದು ವಾರಕ್ಕೆ ಇದ್ರಪ್ಪನಷ್ಟು ಬೈದಿರ್ತೀನಿ." ಸೆರಗಿನಿಂದ ಕೈ ಒರೆಸಿಕೊಂಡರು, ಆಮೇಲೆ ಮುಖವನ್ನೂ. "ಮೊರಕ್ಕೆ ಸಾಲಲ್ಲ ಇದು. ಮುಂದಿನ ವಾರ ಬರೋವಾಗ ನಿಮ್ಮನೆ ಹಳೇ ಪೇಪರ್ ಇದ್ರೆ ತಗೊಂಡ್ ಬಾ."

ನಮ್ಮ ಮನೆಗೆ ಪೇಪರು ಬರುವುದಿಲ್ಲ. ಅದನ್ನು ನಾನು ಹೇಳಲಿಲ್ಲ. "ಒಂದೇ ವಾರಕ್ಕೆ ಎಲ್ಲಾ ಹೊರಕ್ಕಾಗಲ್ಲ ಅತ್ತೆಮ್ಮ, ಸ್ವಲ್ಪ ಸ್ವಲ್ಪ ತರ್ತೀನಿ" ಎಂದೆ.