ಒಂದು ಎಲೆಯ ಅಡ್ಡಸೀಳು

ಮೂರನೆಯ ಸೀಳೂ ಹರಿದುಹೋದಾಗ ಪರೀಕ್ಷೆ ಮುಗಿಯಲು ಇಪ್ಪತ್ತು ನಿಮಿಷ ಉಳಿದಿತ್ತು. ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿಯ ಶಾಲೆಯಲ್ಲಿ ನನ್ನ ಪ್ಲಸ್ ಟು ಸಸ್ಯಶಾಸ್ತ್ರದ ಪ್ರಾಕ್ಟಿಕಲ್. ಸೂರ್ಯಕಾಂತಿಯ ಎಲೆಯನ್ನು ಬೆಳಕು ತೂರುವಷ್ಟು ತೆಳ್ಳಗೆ ಅಡ್ಡಲಾಗಿ ಕೊಯ್ದು, ಬಣ್ಣ ಹಾಕಿ, ಅದರ ಪದರಗಳನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಬೇಕು. ಆಗದಿದ್ದರೆ ಫೇಲು. ಜ್ವರ ಹಿಡಿದು ಆಗಲೇ ಒಂದು ವರ್ಷ ಕಳೆದುಕೊಂಡಿದ್ದವಳು ನಾನು. ಇನ್ನೊಂದು ವರ್ಷ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ.

ಎಲೆಯ ಚೂರನ್ನು ಕ್ಯಾರೆಟ್ಟಿನ ಸೀಳಿನೊಳಗೆ ಸಿಕ್ಕಿಸಿ, ಎರಡನ್ನೂ ಒಟ್ಟಿಗೆ ಬ್ಲೇಡಿನಿಂದ ಹೆರೆಯುವುದು ಕ್ರಮ. ನಾಲ್ಕನೆಯ ಸಲ ಬ್ಲೇಡು ಹೆಬ್ಬೆರಳಿಗೇ ಹೋಯಿತು. ರಕ್ತ ಕಂಡರೆ ಹೊರಗೆ ಕಳಿಸಿಬಿಡುತ್ತಾರೆಂದು ಬೆರಳನ್ನು ದುಪಟ್ಟಾಕ್ಕೆ ಒತ್ತಿಕೊಂಡೆ.

ಹಿಂದಿನ ಸಂಜೆ ಅಡುಗೆಮನೆಯಲ್ಲಿ ಇದನ್ನೇ ಅಭ್ಯಾಸ ಮಾಡುತ್ತಿದ್ದೆ. ಪಕ್ಕದಲ್ಲಿ ಅಜ್ಜಿ ಈಳಿಗೆಮಣೆಯ ಮೇಲೆ ಕೂತು ಎಲೆಕೋಸು ಹೆಚ್ಚುತ್ತಿದ್ದಳು.

"ಅಷ್ಟು ತೆಳ್ಳಗಿರೋ ಎಲೆ ಒಳ್ಗೆ ಇನ್ನೇನವ್ವ ಇದ್ದದು?"

ಹೇಳಿದೆ: ಮೇಲೊಂದು ತೊಗಲು, ಕೆಳಗೊಂದು ತೊಗಲು. ನಡುವೆ, ಮೇಲುಗಡೆ ಒತ್ತಾಗಿ ನಿಂತ ಉದ್ದುದ್ದ ಕೋಶಗಳು. ಅವುಗಳ ಕೆಳಗೆ ಸಡಿಲವಾಗಿ ಬಿದ್ದಿರುವವು.

"ಚಿಗುರಲ್ಲೂ ಇಂಗೇ ಇದ್ದವಾ?"

"ಇಲ್ಲ ಕಣಜ್ಜಿ. ಚಿಗುರಲ್ಲಿ ಎಲ್ಲಾ ಒಂದೇ ತರ. ಎಲೆ ಅಗಲ ಆಯ್ತಾ ಆಯ್ತಾ ಬೇರೆ ಬೇರೆ ಆಯ್ತವೆ."

"ಅಂಗಾರೆ ನಿಮ್ಮಪ್ಪ, ಚಿಕ್ಕಪ್ಪ ಇದ್ದಂಗೆ," ಎಂದು ನನ್ನ ಕೈಯನ್ನೇ ನೋಡಿದಳು. "ಅದ್ಯಾಕೆ ಕತ್ತೀನ ಓಡಾಡ್ಸೀಯೆ? ಅಲುಗು ನಿಂತಿರ್ಬೇಕು ಕಣವ್ವ, ಕಾಯಿ ಓಡಾಡ್ಬೇಕು."

"ಪರೀಕ್ಷೇಲಿ ಈಳ್ಗೆಮಣೆ ಕೊಟ್ಟಾರಾ?" ಎಂದು ನಕ್ಕಿದ್ದೆ.

ಈಗ ನಗು ಬರಲಿಲ್ಲ. ಹಳೆಯ ಮೇಜಿನ ಹಲಗೆಗಳ ಸಂದಿನಲ್ಲಿ ಬ್ಲೇಡನ್ನು ನೆಟ್ಟಗೆ ಸಿಕ್ಕಿಸಿದೆ. ಘಟ್ಟ ಹತ್ತಿ ಬಂದಿದ್ದ ಪರೀಕ್ಷಕರು ಎದ್ದು ನನ್ನ ಹಿಂದೆಯೇ ಬಂದು ನಿಂತರು.

"ಏನಮ್ಮ, ಇದೇನು ಅಡುಗೆಮನೆಯಾ?" ತಮಿಳಿನಲ್ಲಿ ಕೇಳಿದರು.

"ಇದೊಂದು ಸಲ ಸಾರ್."

ತಲೆ ಎತ್ತಲಿಲ್ಲ. ಎರಡೂ ಕೈಯಲ್ಲಿ ಕ್ಯಾರೆಟ್ಟು ಹಿಡಿದು ಅಲುಗಿಗೆ ತಾಗಿಸಿ ಎಳೆದೆ. ಮತ್ತೆ ಎಳೆದೆ. ನೀರಿನಲ್ಲಿ ತೇಲಿದ ಸೀಳುಗಳಲ್ಲಿ ಒಂದು ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿತ್ತು. ಅದನ್ನು ಕುಂಚದಲ್ಲಿ ಎತ್ತಿ, ಕೆಂಪು ಬಣ್ಣ ಹಾಕಿ, ಗಾಜಿನ ಮೇಲಿಟ್ಟೆ. ನಾನು ನೋಡುವ ಮೊದಲೇ ಅವರು ಬಗ್ಗಿದರು. ತಿರುಪನ್ನು ಆಚೆ ತಿರುಗಿಸಿದರು, ಈಚೆ ತಿರುಗಿಸಿದರು. ಬೆರಳಿನ ರಕ್ತ ದುಪಟ್ಟಾದಲ್ಲಿ ಹರಡುತ್ತಿತ್ತು.

"ಮೇಲಿನವು ಒತ್ತಾಗಿವೆಯಲ್ಲ, ಯಾಕೆ?"

"ಬಿಸಿಲು ಅತ್ತಲಿಂದ ಬೀಳುತ್ತೆ ಸಾರ್. ಆಹಾರ ಮಾಡೋ ಕೆಲಸ ಹೆಚ್ಚಾಗಿ ಅವುಗಳದ್ದೇ."

"ಕೆಳಗಿನವು?"

"ಗಾಳಿ ಓಡಾಡೋಕೆ ಜಾಗ ಬಿಟ್ಟಿವೆ."

ಅವರು ಪಕ್ಕಕ್ಕೆ ಸರಿದರು. "ನೀನೂ ನೋಡು."

ಎಲ್ಲವೂ ಇದ್ದವು, ಪುಸ್ತಕಕ್ಕಿಂತ ಸ್ವಲ್ಪ ಸೊಟ್ಟಗೆ. ನಾನು ತಲೆ ಎತ್ತುವಷ್ಟರಲ್ಲಿ ಅವರು ಅಂಕ ಬರೆದು, ಮೇಜಿನಿಂದ ಬ್ಲೇಡನ್ನು ಕಿತ್ತು ತಟ್ಟೆಗೆ ಹಾಕಿದ್ದರು. "ಪಾಸು. ಹೋಗಿ ಆ ಬೆರಳಿಗೆ ಬಟ್ಟೆ ಕಟ್ಟಿಕೋ."

ಮನೆಗೆ ಬಂದಾಗ ಅಜ್ಜಿ ಕಟ್ಟಿದ ಬೆರಳನ್ನು ಹಿಡಿದು ನೋಡಿದಳು.

"ಕತ್ತಿ ಓಡಾಡ್ಸ್ದೆ, ಅಲ್ವಾ?"

"ನಾಲ್ಕು ಸಲ," ಎಂದೆ. "ಆಮೇಲೆ ಬುಟ್ಟೆ."